ಐದನೆಯ ಮಾತಿನ ಸಿಸ್ಟರ್

ನಮ್ಮ ಚರ್ಚಿನ ಸ್ಮರಣ ಸಂಚಿಕೆಗೆ ಸಿಸ್ಟರ್ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಕೇಳಿದ್ದರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಸಿಸ್ಟರ್ ಮನೆಯ ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದವಳು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಬರೆದುಕೊಟ್ಟೆ. ಸಂಚಿಕೆ ಅಚ್ಚಾಗಿ ಕೈಗೆ ಬಂದಾಗ ನೋಡಿದರೆ ಒಂದು ಪುಟ ಅರ್ಧ ಪುಟವಾಗಿತ್ತು. ನಲ್ಲಿಯ ಪ್ರಸಂಗ ಇರಲಿಲ್ಲ. ಭೀಮವ್ವ ಇರಲಿಲ್ಲ. ಉಳಿದದ್ದು ಕರುಣೆಯ ಮೂರ್ತಿ, ಸೇವೆಯೇ ಉಸಿರು ಎಂಬಂಥ ಮಾತುಗಳು. ಅವು ನಾನು ಬರೆದವೂ ಅಲ್ಲ. ಸಿಸ್ಟರ್ ಓದಿದ್ದರೆ, ಯಾರೇ ಇವಳು, ನನಗೆ ಗೊತ್ತಿರೋಳಾ ಎಂದು ಕೇಳುತ್ತಿದ್ದರು. ಅದಕ್ಕೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಸಿಸ್ಟರ್ ಎಂದರೆ ಕನ್ಯಾಸ್ತ್ರೀಯಲ್ಲ. ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಹಲಸೂರಿನ ನಮ್ಮ ಗಲ್ಲಿಯಲ್ಲಿ ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ತಮಿಳಿನವರಿಗೆ ಸಿಸ್ಟರಮ್ಮ, ಮಟನ್ ಅಂಗಡಿಯ ಸಾಹೇಬರಿಗೆ ಸಿಸ್ಟರ್ ಆಪಾ, ನಮಗೆಲ್ಲ ಬರೀ ಸಿಸ್ಟರ್. ವಾರ್ಡಿನಲ್ಲಿ ತಮಿಳು, ದಖನಿ ಉರ್ದು, ಡಾಕ್ಟರುಗಳ ಹತ್ತಿರ ಇಂಗ್ಲಿಷು ಆಡುತ್ತಿದ್ದರು. ಬೈಯುವುದು ಮಾತ್ರ ಕನ್ನಡದಲ್ಲಿ. ಕನ್ನಡದಲ್ಲಿ ಬೈದರೇನೇ ನನಗೆ ಸಮಾಧಾನ ಕಣೇ, ಎನ್ನುತ್ತಿದ್ದರು. ಗಂಜಿ ಹಾಕಿದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ನಿಮ್ಮೊಡನೆ ಮಾತಾಡುತ್ತಾ ಆಡುತ್ತಾ ನಿಮ್ಮ ಮಣಿಕಟ್ಟು ಹಿಡಿದುಕೊಂಡುಬಿಡುತ್ತಿದ್ದರು. ಪ್ರೀತಿಯಿಂದಲೋ ನಾಡಿ ನೋಡಲೋ ಗೊತ್ತಾಗುತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದರೆ ಕೈ ಕಿತ್ತುಕೊಳ್ಳಬೇಕೆನಿಸುತ್ತಿತ್ತು.

ಸಾಧ್ವಿಯೇನಲ್ಲ. ಹಟಮಾರಿ. ಒಮ್ಮೆ ಮನಸ್ಸು ಕೆಟ್ಟರೆ ವರ್ಷಗಟ್ಟಲೆ ಮಾತು ಬಿಡುವವರು. ಅಡುಗೆ ಬರುತ್ತಿರಲಿಲ್ಲ, ಕ್ರಿಸ್ಮಸ್ಸಿಗೆ ಅವರು ಕರಿದು ಕೊಟ್ಟ ಕಲ್‌ಕಲ್ ಎಂಬ ಸಿಹಿತಿಂಡಿ ಹಲ್ಲಿಗೆ ಸವಾಲಾಗಿರುತ್ತಿತ್ತು. ಚರ್ಚಿನಲ್ಲಿ ಪ್ರಸಂಗ ಉದ್ದವಾದರೆ ಬೆಂಚಿನಲ್ಲಿ ಕೂತೇ ಜೋರಾಗಿ ನಿಟ್ಟುಸಿರು ಬಿಡುತ್ತಿದ್ದರು, ಪೀಠದಲ್ಲಿ ನಿಂತವರಿಗೆ ಕೇಳಿಸುವಷ್ಟು.

ಅವರ ಒಂದೇ ಒಂದು ಕುರುಡೆಂದರೆ ತಮ್ಮನ ಮೇಲಿನ ಅಕ್ಕರೆ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ. ತಂದೆ ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು, ಹೆಂಡತಿ ಹೋದ ಮೇಲೆ ಮಾತು ಕಡಿಮೆ ಮಾಡಿದರು, ಆಮೇಲೆ ಊಟ ಕಡಿಮೆ ಮಾಡಿದರು, ಆಮೇಲೆ ಅವರೂ ಹೋದರು. ಹೋಗುವ ಮೊದಲು ಮನೆಯನ್ನು ವಾಡಿಕೆಯಂತೆ ಮಗನ ಹೆಸರಿಗೆ ಮಾಡಿದ್ದರು. ಮಗಳು ಇರುವಷ್ಟು ದಿನ ಇರಲಿ ಎಂದು ಬಾಯಿಮಾತು. ಸಿಸ್ಟರ್ ತಮ್ಮನನ್ನು ಓದಿಸಿದರು. ಮದುವೆಯ ಮಾತು ಬಂದಾಗಲೆಲ್ಲ ಇವನದೊಂದು ದಾರಿಯಾಗಲಿ ಎಂದು ಮುಂದೂಡಿದರು. ಅವನ ದಾರಿಯಾಗುವ ಹೊತ್ತಿಗೆ ಇವರನ್ನು ಕೇಳಿಕೊಂಡು ಬರುವವರು ನಿಂತಿದ್ದರು.

ದಾರಿ ಚೆನ್ನಾಗಿಯೇ ಆಯಿತು. ಮಾರತ್ತಹಳ್ಳಿಯಲ್ಲಿ ಪಿ.ಜಿ. ಕಟ್ಟಡಗಳು, ಇಂದಿರಾನಗರದಲ್ಲಿ ಸ್ವಂತ ಮನೆ, ಕೊನೆಗೆ ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿಯ ಹುದ್ದೆ. ಇನ್ನು ಮುಂದೆ ಅವರನ್ನು ಕಾರ್ಯದರ್ಶಿಗಳು ಎಂದೇ ಬರೆಯುತ್ತೇನೆ. ಅವರಿಗೂ ಅದೇ ಇಷ್ಟ. ಹೊಸ ಕಟ್ಟಡ ಎದ್ದಾಗಲೆಲ್ಲ ಅವರು ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದರು: ಇದೆಲ್ಲ ಶಿಲುಬೆಯ ಆಶೀರ್ವಾದ, ಶಿಲುಬೆಯ ಕೆಳಗೆ ಬಂದವರು ತಲೆಯಾಗುತ್ತಾರೆ, ಬಾಲವಾಗುವುದಿಲ್ಲ. ಅದನ್ನೇ ಬೇರೆ ಯಾರಾದರೂ ಹೇಳಿದ್ದರೆ ಸಿಸ್ಟರ್ ನಿಟ್ಟುಸಿರು ಬಿಡುತ್ತಿದ್ದರು. ತಮ್ಮ ಹೇಳುವಾಗ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ನಾನು ಏನಾದರೂ ಕೆಣಕಿದರೆ, ಅವನು ಒಳ್ಳೇವ್ನೇ ಕಣೇ, ಸ್ವಲ್ಪ ಶೋಕಿ ಅಷ್ಟೆ, ಎಂದು ಮಾತು ಮುಗಿಸುತ್ತಿದ್ದರು.

ಸಿಸ್ಟರ್ ಮನೆಯ ಗೋಡೆಯ ಮೇಲೆ ಮೂರ್ತಿಯಿಲ್ಲದ ಒಂದು ಮರದ ಶಿಲುಬೆ ಇತ್ತು, ಕೊರಳಲ್ಲಿ ಶಿಲುಬೆ ಇರಲಿಲ್ಲ. ನಮ್ಮ ಸಭೆಯ ಹೆಂಗಸರಲ್ಲಿ ಚಿನ್ನದ ಶಿಲುಬೆ ಇಲ್ಲದ ಕೊರಳು ಅಪರೂಪ. ಹುಡುಗಿ ದೊಡ್ಡವಳಾದಾಗೊಂದು, ಮದುವೆಗೊಂದು. ನನಗೆ ಕೆಲಸ ಸಿಕ್ಕಿದಾಗ ಅಮ್ಮ ಒಂದು ಮಾಡಿಸಿಕೊಟ್ಟರು. ಅದನ್ನು ಸಿಸ್ಟರ್‌ಗೆ ತೋರಿಸಲು ಹೋದೆ. ಬೆರಳಲ್ಲಿ ಎತ್ತಿ ನೋಡಿ, ಚೆನ್ನಾಗಿದೆ, ಅಂದರು. ಆಮೇಲೆ, ಅದು ಆಗಿನ ಕಾಲದ ನೇಣುಗಂಬ ಅನ್ನೋದು ನೆನಪಿರಲಿ, ಅಂದರು. ಸಂತೋಷದಿಂದ ಹೋದವಳಿಗೆ ಹಾಗೆ ಹೇಳಬಾರದಿತ್ತು. ಅಮ್ಮ ಕೆಲವು ದಿನ ಅವರ ಮೇಲೆ ಮುನಿಸಿಕೊಂಡಿದ್ದರು. ನಾನು ಶಿಲುಬೆ ತೆಗೆಯಲಿಲ್ಲ, ಆದರೆ ಹಾಕಿಕೊಳ್ಳುವಾಗಲೆಲ್ಲ ಆ ಮಾತು ನೆನಪಾಗುವುದು ನಿಂತಿಲ್ಲ.

ಭಾನುವಾರದ ಶಾಲೆಯಲ್ಲಿ ಅವರು ನಮಗೆ ಶಿಲುಬೆಯ ಪಾಠ ಮಾಡಿದ್ದು ಹೀಗೆ. ಎಲ್ಲರೂ ಎದ್ದು ನಿಂತು ಎರಡೂ ಕೈ ಅಗಲಕ್ಕೆ ಚಾಚಿ ಅಂದರು. ಚಾಚಿದೆವು. ಹಾಡು ಶುರುಮಾಡಿ ಅಂದರು. ಮೊದಲ ಚರಣಕ್ಕೆ ನಗುತ್ತಿದ್ದೆವು. ಎರಡನೆಯದಕ್ಕೆ ಭುಜ ಉರಿಯತೊಡಗಿತು. ಮೂರನೆಯದಕ್ಕೆ ಒಬ್ಬಳು ಅಳಲು ಶುರುಮಾಡಿದಳು. ಆಗ, ಕೈ ಇಳಿಸಿ ಅಂದರು. ಎಲ್ಲರೂ ಇಳಿಸಿದ ಮೇಲೆ, ನಿಮಗೆ ಇಳಿಸೋಕಾಯ್ತು, ಅವರಿಗೆ ಆಗಲಿಲ್ಲ, ಇವತ್ತಿನ ಪಾಠ ಇಷ್ಟೇ, ಮನೆಗೆ ಹೋಗಿ ಎಂದರು. ಅಳಲು ಶುರುಮಾಡಿದ್ದ ಹುಡುಗಿಯ ತಂದೆ ಚರ್ಚಿನ ಸಭಾಪಾಲಕರ ಹತ್ತಿರ ದೂರು ಒಯ್ದರು. ಮಕ್ಕಳಿಗೆ ಆಶೀರ್ವಾದದ ವಿಷಯ ಹೇಳಿಕೊಡಿ ಎಂದು ಸಭಾಪಾಲಕರು ಸಿಸ್ಟರ್‌ಗೆ ಬುದ್ಧಿ ಹೇಳಿದರಂತೆ. ಅದನ್ನೇ ಹೇಳಿದೆ ಅಂದರಂತೆ ಇವರು.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಶುಭ ಶುಕ್ರವಾರದ ಮಧ್ಯಾಹ್ನ ನಮ್ಮಲ್ಲಿ ಮೂರು ತಾಸಿನ ಆರಾಧನೆ ನಡೆಯುತ್ತದೆ. ಯೇಸುಸ್ವಾಮಿ ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಏಳು ಜನ ಪ್ರಸಂಗ ಮಾಡುತ್ತಾರೆ. ಕ್ಷಮೆಯ ಮಾತು, ಪರದೈಸಿನ ಮಾತು, ಕೈಬಿಟ್ಟ ದೇವರನ್ನು ಕೂಗುವ ಮಾತು, ಹೀಗೆ. ಹಿಂದೆಲ್ಲ ಏಳೂ ಗಂಡಸರದೇ. ಹೆಂಗಸರಿಗೂ ಒಂದು ಕೊಡಬೇಕೆಂದು ತೀರ್ಮಾನವಾದಾಗ ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿದರು. ಐದನೆಯದು, ದಾಹದ ಮಾತು. ಅದರಲ್ಲಿ ಏನಿದೆ, ನೀರು ಕೇಳಿದರು ಅಷ್ಟೆ, ಯಾರು ಬೇಕಾದರೂ ಮಾಡಬಹುದು ಎಂದು ಅದನ್ನು ಸಿಸ್ಟರ್ ಕೈಗಿಟ್ಟರು. ಆಮೇಲೆ ವರ್ಷವರ್ಷವೂ ಅದು ಅವರದೇ ಆಯಿತು.

ಅವರ ಪ್ರಸಂಗದಲ್ಲಿ ಗ್ರೀಕು ಇರಲಿಲ್ಲ, ಹೀಬ್ರೂ ಇರಲಿಲ್ಲ, ವಾರ್ಡು ಇರುತ್ತಿತ್ತು. ಸಾಯುವವರು ಕೊನೆಗೆ ದೇವರನ್ನು ಕೇಳುವುದಿಲ್ಲ, ನೀರು ಕೇಳುತ್ತಾರೆ ಎಂದು ಶುರುಮಾಡುತ್ತಿದ್ದರು. ಕುಡಿಸಲು ಆಗುವುದಿಲ್ಲ, ನೆತ್ತಿಗೆ ಹತ್ತುತ್ತದೆ. ಹತ್ತಿಯನ್ನು ನೆನೆಸಿ ತುಟಿಗೆ ಒತ್ತಬೇಕು. ಆಗ ಅವರು ನಮ್ಮನ್ನು ನೋಡುವ ನೋಟವಿದೆಯಲ್ಲ, ಅದನ್ನು ನೋಡಿದ ಮೇಲೆ ಯಾರಿಗೂ ನೀರಿಲ್ಲ ಅನ್ನಲು ಬಾಯಿ ಬರುವುದಿಲ್ಲ. ಇಷ್ಟೇ ಅವರ ದೇವಶಾಸ್ತ್ರ. ಏಳು ಪ್ರಸಂಗಗಳಲ್ಲಿ ಜನ ನಿದ್ದೆ ಮಾಡದೆ ಕೇಳುತ್ತಿದ್ದದ್ದು ಅದೊಂದನ್ನೇ.

ಇನ್ನು ನಲ್ಲಿಯ ಕತೆ. ನಮ್ಮ ಚರ್ಚಿನ ಕಾಂಪೌಂಡು ಗೋಡೆಯಲ್ಲಿ ರಸ್ತೆಯ ಕಡೆಗೆ ಒಂದು ಗೂಡು ಇತ್ತು, ಗೂಡಿನಲ್ಲಿ ನಲ್ಲಿ. ದಾರಿಹೋಕರಿಗೆಂದು ಹಿಂದಿನ ತಲೆಮಾರಿನವರು ಹಾಕಿಸಿದ್ದು. ಆಟೋದವರು ಮುಖ ತೊಳೆಯುತ್ತಿದ್ದರು, ಶಾಲೆ ಮಕ್ಕಳು ಬೊಗಸೆಯಲ್ಲಿ ಕುಡಿಯುತ್ತಿದ್ದರು, ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ಬೆಂಗಳೂರಿನ ಪೂರ್ವಕ್ಕೆಲ್ಲ ಬೋರ್‌ವೆಲ್‌ಗಳು ಕೈಕೊಟ್ಟ ಆ ಬೇಸಿಗೆಯಲ್ಲಿ ಎಲ್ಲರಿಗೂ ಅದು ಕಣ್ಣಿಗೆ ಬಿತ್ತು. ಟ್ಯಾಂಕರಿನವರು ಅಪಾರ್ಟ್‌ಮೆಂಟುಗಳಿಗೆ ತಿರುಗಿಕೊಂಡರು. ಚರ್ಚಿನ ಹಿಂದಿನ ಗಲ್ಲಿಯಲ್ಲಿ ಯಾದಗಿರಿ, ರಾಯಚೂರಿನ ಕಡೆಯಿಂದ ಬಂದು ತಗಡಿನ ಬಾಡಿಗೆ ಕೋಣೆಗಳಲ್ಲಿದ್ದ ಕೂಲಿಯವರಿಗೆ ನೀರಿನ ದಾರಿಯೇ ಮುಚ್ಚಿತು. ನಮ್ಮ ಚರ್ಚಿನ ಬೋರ್‌ವೆಲ್ ಮಾತ್ರ ಇನ್ನೂ ನೀರೆತ್ತುತ್ತಿತ್ತು. ಬೆಳಗಾದರೆ ಗೋಡೆಯುದ್ದಕ್ಕೂ ಕೊಡಗಳ ಸಾಲು.

ಅದೇ ಸಮಯಕ್ಕೆ ಕಾರ್ಯದರ್ಶಿಗಳು ಚರ್ಚಿನ ಮುಂಭಾಗವನ್ನು ಚೆಂದ ಮಾಡಿಸುತ್ತಿದ್ದರು. ಗ್ರಾನೈಟ್ ಹಾಸು, ಹೂಕುಂಡಗಳು, ಗೋಡೆ ಒಡೆದು ರಸ್ತೆಗೆ ಎದುರಾಗಿ ಎತ್ತರದ ಒಂದು ಕಲ್ಲಿನ ಶಿಲುಬೆ. ಕೊಡಗಳಿಂದ ಹಾಸು ಕೆಸರಾಯಿತು. ಹೆಂಗಸರ ಜಗಳದ ಸದ್ದು ಪ್ರಾರ್ಥನೆಯ ನಡುವೆ ಕೇಳಿಸಿತು. ಬೋರ್‌ವೆಲ್ ಬತ್ತಿದರೆ ಮುಂದೇನು ಎಂದು ಕಮಿಟಿಯಲ್ಲಿ ಚರ್ಚೆಯಾಯಿತು. ಒಂದು ಸೋಮವಾರ ಗೂಡಿಗೆ ಕಬ್ಬಿಣದ ಜಾಲರಿ ಬಂತು, ಜಾಲರಿಗೆ ಬೀಗ.

ಸಿಸ್ಟರ್ ಕಮಿಟಿಗೆ ಹೋಗಲಿಲ್ಲ. ತಮ್ಮನಿಗೆ ನಾನು ಹೇಳಿದರೆ ಸಾಕು ಎಂಬ ನಂಬಿಕೆ. ಇಂದಿರಾನಗರದ ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಕಾರ್ಯದರ್ಶಿಗಳ ಹೆಂಡತಿ ಕಾಫಿ ತಂದಿಟ್ಟರು. ಸಿಸ್ಟರ್ ಲೋಟ ಮುಟ್ಟದೆ ವಿಷಯಕ್ಕೆ ಬಂದರು. ಕಾರ್ಯದರ್ಶಿಗಳು ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ಅಕ್ಕ, ಅದು ಸಭೆಯ ಬೋರ್‌ವೆಲ್. ಬತ್ತಿ ಹೋದ್ರೆ ಉತ್ತರ ಕೊಡ್ಬೇಕಾದವನು ನಾನು."

"ಬತ್ತಿದಾಗ ಉತ್ತರ ಕೊಡು. ಈಗ ನೀರಿದೆಯಲ್ಲ."

"ಇವತ್ತು ಈ ಗಲ್ಲಿ, ನಾಳೆ ಇನ್ನೊಂದು ಗಲ್ಲಿ. ದೇವರು ನಮ್ಮನ್ನ ಆಶೀರ್ವದಿಸಿದ್ದಾರೆ, ಇಲ್ಲ ಅನ್ನಲ್ಲ. ಹಾಗಂತ ಊರಿನ ಭಾರವನ್ನೆಲ್ಲ ನಾವೇ ಹೊರೋಕಾಗುತ್ತಾ?"

ಸಿಸ್ಟರ್ ತಮ್ಮ ಚೀಲ ಎತ್ತಿಕೊಂಡರು. ಆಮೇಲೆ ಎದ್ದರು.

"ಹೊರೋಕಾಗಲ್ಲ ಅಂದ್ಯಲ್ಲ, ಅಂಗಳದಲ್ಲಿ ನೀನು ನಿಲ್ಲಿಸ್ತಾ ಇರೋದು ಏನು ಅಂತ ಒಂದ್ಸಲ ನೋಡು."

ತಮ್ಮ ಇಲ್ಲವೆಂದಿದ್ದು ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು. ಅಥವಾ ಅವರು ತಮಗಾಗಿ ಅಲ್ಲದಿದ್ದರೂ ತಮ್ಮನಲ್ಲಿ ಏನನ್ನಾದರೂ ಕೇಳಿದ್ದೇ ಅದು ಮೊದಲಿರಬೇಕು.

ಆ ವರ್ಷದ ಶುಭ ಶುಕ್ರವಾರ ಚರ್ಚು ತುಂಬಿತ್ತು. ಸೆಕೆ. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ನಾಲ್ಕನೆಯ ಮಾತಿನ ಪ್ರಸಂಗ ಮುಗಿದು, ಹಾಡು ಮುಗಿದು, ಸಿಸ್ಟರ್ ಪೀಠಕ್ಕೆ ಹತ್ತಿದರು. ಬೈಬಲಿನ ವೇದಭಾಗ ಓದಿದರು. ಕನ್ನಡಕ ತೆಗೆದು ಮಡಿಸಿದರು. ಅವರ ದನಿ ಎತ್ತರಕ್ಕೆ ಹೋಗಲಿಲ್ಲ.

"ಈ ಮಾತಿನ ಮೇಲೆ ನಾನು ತುಂಬಾ ವರ್ಷ ಮಾತಾಡಿದ್ದೀನಿ. ಇವತ್ತು ಆಗಲ್ಲ. ಕರ್ತನು ದಾಹ ಅಂದಾಗ ಕೊಲ್ಲೋಕೆ ಬಂದ ಸಿಪಾಯಿಗಳೇ ಹುಳಿರಸವನ್ನಾದರೂ ಎತ್ತಿ ಕೊಟ್ರು. ನಾವು ನಲ್ಲಿಗೆ ಬೀಗ ಹಾಕಿದ್ದೀವಿ. ಬೀಗ ತೆಗೆದ ವರ್ಷ ನನ್ನನ್ನ ಕರೀರಿ, ಬಂದು ಅರ್ಥ ಹೇಳ್ತೀನಿ."

ಇಳಿದು ಬಂದು ನನ್ನ ಪಕ್ಕ ಕೂತರು. ನನ್ನ ಮಣಿಕಟ್ಟು ಹಿಡಿದುಕೊಂಡರು. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳ ಕುತ್ತಿಗೆ ಕೆಂಪಾಗಿದ್ದು ಹಿಂದಿನಿಂದ ಕಾಣುತ್ತಿತ್ತು. ಸಭಾಪಾಲಕರು ಗಂಟಲು ಸರಿಮಾಡಿಕೊಂಡು ಆರನೆಯ ಮಾತು ಎಂದು ಘೋಷಿಸಿದರು.

ಇಂಥ ಕತೆಗಳಲ್ಲಿ ಇದಾದ ಮೇಲೆ ಯಾರೋ ಒಬ್ಬರು ಎದ್ದು ಹೋಗಿ ಬೀಗ ತೆಗೆಯುತ್ತಾರೆ. ನಮ್ಮಲ್ಲಿ ಯಾರೂ ಏಳಲಿಲ್ಲ. ಆರಾಧನೆ ಮುಗಿದ ಮೇಲೆ ಕೆಲವು ಹೆಂಗಸರು ಬಂದು ಸಿಸ್ಟರ್ ಕೈ ಒತ್ತಿ, ಸರಿಯಾಗಿ ಹೇಳಿದ್ರಿ ಎಂದು ಪಿಸುಗುಟ್ಟಿ, ಗಂಡಂದಿರು ಕಾರು ತಿರುಗಿಸುವಷ್ಟರಲ್ಲಿ ಓಡಿದರು. ಕೆಲವರು, ದುಃಖದ ದಿನದಂದು ಜಗಳ ತಂದರಲ್ಲ ಎಂದು ನೊಂದುಕೊಂಡರು. ಮುಂದಿನ ವಾರ ಕಮಿಟಿ ಸೇರಿ, ಪವಿತ್ರ ಪೀಠದ ದುರ್ಬಳಕೆಯಾಗಿದೆ ಎಂದು ಠರಾವು ಮಾಡಿತು. ಐದನೆಯ ಮಾತು ಬೇರೆಯವರಿಗೆ ಹೋಯಿತು. ಭಾನುವಾರದ ಶಾಲೆಯ ಹೊಣೆಯನ್ನು, ವಯಸ್ಸಾಯ್ತಲ್ಲ ವಿಶ್ರಾಂತಿ ತಗೊಳ್ಳಲಿ ಎಂದು, ಅವರ ಕೈಯಿಂದ ಇಳಿಸಿದರು. ಕಾರ್ಯದರ್ಶಿಗಳು ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಮಳೆ ಬಂತು. ನೋಡಿ, ದೇವರೇ ದಾರಿ ಮಾಡಿದ್ರು, ಸುಮ್ಮನೆ ರಂಪ ಆಯ್ತು ಎಂದರು ಜನ. ನಲ್ಲಿಯ ಗೂಡು ಇದ್ದ ಜಾಗದಲ್ಲೇ ಕಲ್ಲಿನ ಶಿಲುಬೆ ನಿಂತಿತು. ಅದಕ್ಕೆ ದೀಪ ಹಾಕಿದ್ದಾರೆ. ಮೆಟ್ರೋದಲ್ಲಿ ಹೋಗುವವರಿಗೂ ಕಾಣುತ್ತದೆ, ನೋಡಲು ಚೆನ್ನಾಗಿಯೇ ಇದೆ.

ಬೀಗ ಬಿದ್ದ ದಿನದಿಂದ ಮಳೆ ಬರುವವರೆಗೆ ಸಿಸ್ಟರ್ ತಮ್ಮ ಮನೆಯ ಸಂಪಿನ ಮುಚ್ಚಳ ತೆಗೆದಿಟ್ಟಿದ್ದರು. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಮನೆ. ಗಲ್ಲಿಗೆಲ್ಲ ಎಲ್ಲಿ ಸಾಕಾಗುತ್ತದೆ? ಕೆಲವು ಹೆಂಗಸರು ಬಂದು ತುಂಬಿಕೊಂಡು ಹೋಗುತ್ತಿದ್ದರು. ತಮಗೇ ನೀರು ಉಳಿಯದಿದ್ದಾಗ ಸಿಸ್ಟರ್ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಕೇಳುವುದಿಲ್ಲ, ಸಂಕೋಚವಿಲ್ಲ, ನೆಟ್ಟಗೆ ಬಚ್ಚಲಿಗೆ. ನಿಮ್ಮ ಸೋಪು ಚೆನ್ನಾಗಿಲ್ಲ ಎಂದು ದೂರು ಬೇರೆ.

ಹಾಗೆ ನೀರಿಗೆ ಬಂದವರಲ್ಲಿ ಭೀಮವ್ವ ಒಬ್ಬಳು. ಯಾದಗಿರಿಯ ಹತ್ತಿರದ ಹಳ್ಳಿಯವಳು, ಅಪಾರ್ಟ್‌ಮೆಂಟೊಂದರಲ್ಲಿ ಕಸ ಗುಡಿಸುವ ಕೆಲಸ, ಗಂಡ ಕಟ್ಟಡದ ಸೈಟಿನಲ್ಲಿ ಮೇಲಿಂದ ಬಿದ್ದು ಸತ್ತು ಕೆಲವು ವರ್ಷವಾಗಿತ್ತು. ಅವಳಿಗೂ ಸಿಸ್ಟರ್‌ಗೂ ಮೊದಲ ದಿನವೇ ಜಗಳ. ಕೊಡ ತೊಳೆಯದೆ ತಂದಿದ್ದಳೆಂದು ಸಿಸ್ಟರ್ ಬೈದರು. ನೀರಿದ್ದರ ತೊಳೀತಿದ್ದೆರೀ, ನೀರಿಗೇ ಬಂದೀನಿ ಎಂದು ಅವಳು ತಿರುಗಿಸಿ ಕೊಟ್ಟಳು. ಸಿಸ್ಟರ್‌ಗೆ ಆ ಉತ್ತರ ಬಹಳ ಇಷ್ಟವಾಯಿತು. ಒಂದು ವಾರ ನನಗೆ ಅದನ್ನೇ ಹೇಳಿ ನಕ್ಕರು. ಮಳೆ ಬಂದ ಮೇಲೂ ಭೀಮವ್ವ ಕೆಲಸ ಮುಗಿಸಿ ಮನೆಗೆ ಹೋಗುವಾಗ ಬಂದು ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಅಡಿಕೆ ಒಳ್ಳೆಯದಲ್ಲ ಎಂದು ಬೈಸಿಕೊಂಡೇ ಹೋಗುತ್ತಿದ್ದಳು.

ಮಾರನೆಯ ವರ್ಷ ಸಿಸ್ಟರ್‌ಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋದವು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ತಂದ ದಿನ ಭೀಮವ್ವ ತನ್ನ ಟ್ರಂಕು, ಹಾಸಿಗೆ ತಂದು ಹಿಂದಿನ ಕೋಣೆಯಲ್ಲಿಟ್ಟಳು. ಯಾರೂ ಕರೆದಿರಲಿಲ್ಲ. ಗುಡಿಸುವ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಳು. ಮುಂಜಾನೆ ಅವಳು ಹೋದಾಗ ನಮ್ಮ ಮನೆಯವರು ನೋಡಿಕೊಳ್ಳುತ್ತಿದ್ದೆವು.

ಜೀವನವೆಲ್ಲ ರೋಗಿಗಳನ್ನು ನೋಡಿಕೊಂಡವರು ರೋಗಿಯಾಗಿ ಬಹಳ ಕೆಟ್ಟವರು. ಹೀಗಲ್ಲ ಮಗ್ಗುಲು ಬದಲಿಸೋದು, ಸೊಂಟಕ್ಕೆ ಕೈ ಕೊಡು, ಹಾಸಿಗೆಯಲ್ಲಿ ಸುಕ್ಕು ಬಿಟ್ಟಿದ್ದೀಯ ಎಂದು ತೊದಲು ಮಾತಿನಲ್ಲೇ ಭೀಮವ್ವನನ್ನು ಹುರಿದು ಮುಕ್ಕುತ್ತಿದ್ದರು. ನೀವೇ ಎದ್ದು ತೋರಸ್ರಿ ಮತ್ತ, ಎಂದು ಅವಳು ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಟಿ.ವಿ. ನೋಡುತ್ತಿದ್ದರು. ಅವರ ಬೆನ್ನಿನಲ್ಲಿ ಕೊನೆಯವರೆಗೂ ಒಂದು ಹುಣ್ಣೂ ಆಗಲಿಲ್ಲ.

ಕಾರ್ಯದರ್ಶಿಗಳಿಂದ ಡ್ರೈವರ್ ಕೈಯಲ್ಲಿ ಹಣ್ಣಿನ ಬುಟ್ಟಿ ಬರುತ್ತಿತ್ತು. ಬಣ್ಣದ ಕಾಗದ, ರಿಬ್ಬನ್ನು. ಬುಟ್ಟಿ ಬಂದಾಗಲೆಲ್ಲ ಸಿಸ್ಟರ್ ಬಾಗಿಲ ಕಡೆ ನೋಡುತ್ತಿದ್ದರು, ಅದರ ಹಿಂದೆ ಇನ್ನೂ ಯಾರಾದರೂ ಇರಬಹುದೆಂದು. ಆಮೇಲೆ ಸೇಬನ್ನು ಭೀಮವ್ವನಿಗೆ ಕೊಡಿಸಿ, ದ್ರಾಕ್ಷಿಯನ್ನು ನಮ್ಮ ಮನೆಗೆ ಕಳಿಸುತ್ತಿದ್ದರು. ತಾವು ಒಂದನ್ನೂ ತಿನ್ನಲಿಲ್ಲ. ಅವನಿಗೆ ಕೆಲಸ ಜಾಸ್ತಿ ಎಂದೂ ಹೇಳಲಿಲ್ಲ. ಅಷ್ಟು ಕಾಲ ಅವನ ಪರವಾಗಿ ಆಡುತ್ತಿದ್ದ ಮಾತುಗಳು ಅವರಲ್ಲಿ ಮುಗಿದಿದ್ದವು.

ಒಂದು ಭಾನುವಾರ ಸಭಾಪಾಲಕರು ಕರ್ತನ ಭೋಜನ ಕೊಡಲು ಬಂದರು. ಆ ವರ್ಷವಷ್ಟೇ ನಮ್ಮ ಸಭೆಗೆ ವರ್ಗವಾಗಿ ಬಂದಿದ್ದ ಕಿರಿಯರು, ಒಳ್ಳೆಯವರು, ಹೆದರಿಕೆಯವರು. ರೊಟ್ಟಿ, ದ್ರಾಕ್ಷಾರಸ ಕೊಟ್ಟು, ಪ್ರಾರ್ಥಿಸಿ, ಶಿಲುಬೆಯ ಸಕಲ ಆಶೀರ್ವಾದಗಳೂ ನಿಮ್ಮ ಮೇಲಿರಲಿ ಸಿಸ್ಟರ್, ಎಂದು ಏಳಲು ಹೊರಟರು. ಸಿಸ್ಟರ್ ಸರಿಯಾಗಿದ್ದ ಕೈಯಿಂದ ಅವರ ಮಣಿಕಟ್ಟು ಹಿಡಿದು ಕೂರಿಸಿದರು. ಮಾತು ನಿಧಾನ, ಒಂದೊಂದು ಪದವನ್ನೂ ಎಳೆದು ತರಬೇಕು. ನಾನು ಪಕ್ಕದಲ್ಲಿದ್ದು ತಿಳಿಯದ ಕಡೆ ಹೇಳಿಕೊಡುತ್ತಿದ್ದೆ.

"ಆಶೀರ್ವಾದ ಅಂದ್ರಿ. ಅವತ್ತು ಆ ಶಿಲುಬೆ ಕೆಳಗೆ ನಿಂತಿದ್ದವರಿಗೆ ಏನು ಸಿಕ್ತು, ಹೇಳಿ ಪಾಸ್ಟರ್."

ಪಾಪವಿಮೋಚನೆ, ರಕ್ಷಣೆ ಎಂದು ಅವರು ತಮ್ಮ ಪಾಠ ಒಪ್ಪಿಸತೊಡಗಿದರು. ಸಿಸ್ಟರ್ ತಲೆಯಾಡಿಸಿದರು.

"ಅದು ಎಲ್ಲರಿಗೂ. ಅಲ್ಲೇ ಇದ್ದವರಿಗೆ? ವಸ್ತು ಅಂತ ಸಿಕ್ಕಿದ್ದು ಸಿಪಾಯಿಗಳಿಗೆ ಮಾತ್ರ. ಚೀಟಿ ಹಾಕಿ ಬಟ್ಟೆ ಹಂಚ್ಕೊಂಡ್ರು. ಕರ್ತನ ತಾಯಿಗೆ ಸಿಕ್ಕಿದ್ದು ಹೆರದೆ ಇದ್ದ ಒಬ್ಬ ಮಗ. ಪಕ್ಕದಲ್ಲಿ ನಿಂತಿದ್ದ ಶಿಷ್ಯನಿಗೆ ಸಿಕ್ಕಿದ್ದು ನೋಡ್ಕೊಳ್ಳೋಕೆ ಒಬ್ಬಳು ಮುದುಕಿ. ಇವನು ನಿನ್ನ ಮಗ, ಇವಳು ನಿನ್ನ ತಾಯಿ ಅಂತ ಶಿಲುಬೆ ಮೇಲಿಂದ ಕೊಟ್ಟ ಆಶೀರ್ವಾದ ಅದು."

ಸ್ವಲ್ಪ ಉಸಿರು ತೆಗೆದುಕೊಂಡರು. ಅಡುಗೆಮನೆಯಲ್ಲಿ ಭೀಮವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಆ ಕಡೆ ಗದ್ದ ಎತ್ತಿ ತೋರಿಸಿದರು.

"ನನಗೆ ಸಿಕ್ಕಾಗಿದೆ. ಅವಳಿಗೂ ನಾನು ಸಿಕ್ಕಿದ್ದೀನಿ, ಪಾಪ. ನಿಮ್ಮದು ಬೇರೆ ಬೇಡ."

ಸಭಾಪಾಲಕರು ಆಮೆನ್ ಎಂದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನನ್ನನ್ನು ನೋಡಿ, ಇದನ್ನು ಪ್ರಸಂಗದಲ್ಲಿ ಹೇಳಬಹುದಾ ಎಂದು ಕೇಳಿದರು. ಧಾರಾಳವಾಗಿ ಹೇಳಿ ಅಂದೆ. ಇದುವರೆಗೂ ಹೇಳಿಲ್ಲ.

ಆಷಾಢದ ಒಂದು ಮಧ್ಯಾಹ್ನ ಸಿಸ್ಟರ್ ಹೋದರು. ಭೀಮವ್ವನೇ ಮೈ ತೊಳೆದು, ತಲೆ ಬಾಚಿ, ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿಸಿಟ್ಟಿದ್ದ ತಿಳಿನೀಲಿ ಸೀರೆ ಉಡಿಸಿದಳು. ಕಾರ್ಯದರ್ಶಿಗಳು ಬಂದರು. ಬಾಗಿಲಲ್ಲೇ ಕುಸಿದು ಕೂತು, ಅಕ್ಕಾ ಅಕ್ಕಾ ಎಂದು ಚಿಕ್ಕ ಮಗುವಿನ ಹಾಗೆ ಅತ್ತರು. ಅದು ನಟನೆಯಾಗಿರಲಿಲ್ಲ. ನಟನೆಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅತ್ತು ಮುಗಿಸಿ ಎದ್ದು ಫೋನು ತೆಗೆದರು. ಆಮೇಲೆ ಎಲ್ಲ ಅವರ ಕೈಗೆ ಹೋಯಿತು. ಶವಪೆಟ್ಟಿಗೆಯವರು ಬಂದರು. ಗಾಜಿನ ಗಾಡಿ ಬಂತು. ಸ್ತ್ರೀ ಸಂಘದವರು ಬಂದು ತಿಳಿನೀಲಿ ಸೀರೆ ಬಿಚ್ಚಿ, ಜರಿಯಂಚಿನ ಬಿಳಿ ಸೀರೆ ಉಡಿಸಿದರು. ಎದೆಯ ಮೇಲೆ ಚಿನ್ನದ ಬಣ್ಣದ ಒಂದು ಶಿಲುಬೆ ಇಟ್ಟರು.

ಚರ್ಚಿನಲ್ಲಿ ಮಾತುಗಳು ನಡೆದವು. ಪೀಠದಿಂದ ಇಳಿಸಿದವರೇ ಪೀಠಕ್ಕೆ ಹತ್ತಿ, ನಮ್ಮ ಸಭೆಯ ತಾಯಿ ಎಂದರು. ಭೀಮವ್ವ ಒಳಗೆ ಬರಲಿಲ್ಲ. ಬರಬೇಡವೆಂದು ಯಾರೂ ಹೇಳಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ನಾನು ಹೋಗಿ ಕರೆದೆ. ಮೈಮ್ಯಾಲ ಕೆಲಸದ ಬಟ್ಟಿ ಅದಾವ್ರೀ, ಎಂದು ಗೇಟಿನ ಹತ್ತಿರವೇ ನಿಂತಳು. ಅದು ನೆಪ. ಅವಳು ಒಗೆದ ಸೀರೆಯನ್ನೇ ಉಟ್ಟಿದ್ದಳು.

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸುವಾಗ ಅವಳಿಗೆ ತಡೆಯಲಾಗಲಿಲ್ಲ. ಅವರ ಕಡೆ ಹೆಂಗಸರು ಹಾಡಿ ಹಾಡಿ ಅಳುತ್ತಾರೆ. ಹಾಗೆ ದನಿ ಎತ್ತಿದಳು. ಬೈಯಾಕಿ ಹ್ವಾದೆಲ್ಲವ್ವ, ಇನ್ನ ನನ್ನ ಯಾರು ಬೈಬೇಕ. ತುಂಬಿದ ಕೊಡ ಕೊಟ್ಟಾಕಿ, ತೊಳದಿಲ್ಲಂತ ಜಗಳ ಆಡಿದಾಕಿ. ಸುಕ್ಕ ಇಲ್ಲದ ಹಾಸಿಗಿ ಕೇಳಿದಾಕಿ, ಮಣ್ಣಾಗ ಹೆಂಗ ಮಲಗತಿ. ಅವತ್ತಿನ ಅಷ್ಟೂ ಮಾತುಗಳಲ್ಲಿ ಸಿಸ್ಟರ್ ನನಗೆ ಕಂಡಿದ್ದು ಅದರಲ್ಲಿ ಮಾತ್ರ. ಗಾಯನ ವೃಂದದವರು ಪುಸ್ತಕ ತೆರೆದು ಕಾಯುತ್ತಿದ್ದರು. ಕಾರ್ಯದರ್ಶಿಗಳ ಹೆಂಡತಿ ಭೀಮವ್ವನ ತೋಳು ಮುಟ್ಟಿ, ಹಾಡು ಶುರುವಾಗುತ್ತೆ ಕಣಮ್ಮ, ಸ್ವಲ್ಪ ಸುಮ್ನಿರು, ಎಂದರು. ಒರಟಾಗಿ ಹೇಳಲಿಲ್ಲ. ಭೀಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾವು ಮರಣವನ್ನು ಗೆದ್ದ ಶಿಲುಬೆಯ ಬಗ್ಗೆ ಹಾಡಿದೆವು.

ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕೆಂದು ಭೀಮವ್ವನಿಗೆ ಹೇಳಿದರು. ಅವಳು ಅಷ್ಟು ದಿನ ಕಾಯದೆ ಹೊರಟುಹೋದಳು. ಮನೆ ಒಡೆದರು, ಅಲ್ಲಿ ಈಗ ನಾಲ್ಕಂತಸ್ತಿನ ಪಿ.ಜಿ. ಏಳುತ್ತಿದೆ. ಪಾಯ ಹಾಕಿದ ಭಾನುವಾರ ಕಾರ್ಯದರ್ಶಿಗಳು ಎದ್ದು ನಿಂತು ಸಾಕ್ಷಿ ಹೇಳಿದರು. ಅಕ್ಕನ ಪ್ರಾರ್ಥನೆಯ ಫಲ, ಶಿಲುಬೆಯ ಆಶೀರ್ವಾದ ಎಂದರು. ಕಟ್ಟಡಕ್ಕೆ ಅಕ್ಕನ ಹೆಸರೇ ಇಡುತ್ತಾರಂತೆ. ನಾನು ನನಗೇ ಕೇಳಿಸುವಷ್ಟು ಜೋರಾಗಿ ನಿಟ್ಟುಸಿರು ಬಿಟ್ಟೆ. ಪೀಠದವರೆಗೆ ಮುಟ್ಟುವ ಹಾಗೆ ಬಿಡಲು ನನಗೆ ಬರುವುದಿಲ್ಲ.

ಮೊನ್ನೆ ಕೆ.ಆರ್. ಪುರದಲ್ಲಿ ತೂಗುಸೇತುವೆಯ ಕೆಳಗೆ ಬಸ್ಸಿಗೆ ಕಾಯುತ್ತಿದ್ದಾಗ ಭೀಮವ್ವ ಸಿಕ್ಕಿದಳು. ಅಲ್ಲೇ ಹತ್ತಿರ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕೆಲಸ, ಅವರ ಊರಿನವರ ಜೊತೆ ಕೋಣೆ. ಕೂದಲು ಬೆಳ್ಳಗಾಗಿದೆ. ಎಲೆ ಅಡಿಕೆ ಬಿಟ್ಟಿದ್ದಾಳೆ. ಮನೆ ಒಡೆದ ವಿಷಯ ಅವಳಿಗೆ ಆಗಲೇ ಗೊತ್ತಿತ್ತು. ಹೋಗಲಿ ಬಿಡ್ರೀ, ಮನಿ ಏನ್ ಮಾಡೂದದ ಅಂದಳು. ಅಷ್ಟು ತಿಂಗಳು ಒಂದೇ ಸೂರಿನಡಿ ಇದ್ದವಳಿಗೆ ಸಿಸ್ಟರ್ ಶಿಲುಬೆಯ ವಿಷಯವಾಗಿ ಏನಾದರೂ ಹೇಳಿದ್ದರೇ ಎಂದು ನನಗೆ ಬಹಳ ದಿನದಿಂದ ತಿಳಿದುಕೊಳ್ಳಬೇಕಿತ್ತು. ಕೇಳಿದೆ.

ಭೀಮವ್ವ ಬಸ್ಸು ಬರುವ ಕಡೆ ನೋಡುತ್ತಾ ನಕ್ಕಳು.

"ನಾನೇ ಕೇಳಿದ್ದೆರೀ ಒಮ್ಮಿ. ಗ್ವಾಡಿ ಮ್ಯಾಲ ಬರೇ ಕಟ್ಟಿಗಿ ಅದ, ನಿಮ್ಮ ದೇವರು ಎಲ್ಲಿ ಹ್ವಾದ, ಅವನ ಕತಿ ನನಗೂ ಹೇಳ್ರಿ ಅಂದೆ. ತಡಿ ಭೀಮವ್ವ ಅಂದ್ರು. ನಮ್ಮ ಮಂದಿಗೇ ಇನ್ನಾ ಹೇಳಿ ಮುಗದಿಲ್ಲ ಅಂದ್ರು."